ಸದ್ದಿಲ್ಲದೆ ತಂದ ಗಾಡಿ

ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದರೂ ನಮ್ಮ ಯಳಂದೂರಿನ ಹಿರಿಯರು ಆಗಿನ್ನೂ ಅದನ್ನು ‘ಆಚೆ ಸೀಮೆ’ ಅಂತಲೇ ಕರೆಯುತ್ತಿದ್ದರು. ಬಸ್ಸು ಹತ್ತಿದರೆ ಮುಟ್ಟಿಬಿಡುವ ಊರು. ಆದರೂ ಅಲ್ಲಿಗೆ ಹೊರಟವರು ಬುತ್ತಿ ಕಟ್ಟಿಕೊಂಡು, ನಾಲ್ಕು ಮನೆಗೆ ಹೇಳಿ ಹೊರಡುತ್ತಿದ್ದರು. ಅದಕ್ಕೂ ಆಚೆ ಇದ್ದ ಹನೂರೆಂದರೆ ನಮ್ಮಂಥ ಮಕ್ಕಳ ಪಾಲಿಗೆ ಭೂಮಿಯ ಕೊನೆ. ನನ್ನ ಅಣ್ಣ ಮಾದೇಶ ಇದ್ದದ್ದು ಅಲ್ಲಿ.

ಅಣ್ಣನಿಗೂ ನನಗೂ ವಯಸ್ಸಿನಲ್ಲಿ ಬಹಳ ಅಂತರ. ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಅವನಿಗೆ ಮೀಸೆ ಬಂದಿತ್ತು. ಚಿಕ್ಕಂದಿನಿಂದಲೂ ಅವನ ಕೈ ಸುಮ್ಮನಿದ್ದದ್ದೇ ಇಲ್ಲವಂತೆ. ಮನೆಯ ಬೀಗ, ರಾಟೆ, ಪಕ್ಕದ ಮನೆಯವರ ಗಡಿಯಾರ, ಯಾವುದು ಸಿಕ್ಕಿದರೂ ಬಿಚ್ಚಿ ಹರಡಿಕೊಂಡು ಕೂರುತ್ತಿದ್ದ. ನನಗೊಂದು ಸೈಕಲ್ ರಿಮ್ಮು ತಂದು, ಅದನ್ನು ಕೋಲಿನಲ್ಲಿ ತಳ್ಳಿಕೊಂಡು ಓಡುವುದನ್ನು ಕಲಿಸಿದವನು ಅವನೇ. ಹೆಣ್ಣುಮಕ್ಕಳು ಚಕ್ರ ಓಡಿಸಬಾರದು ಅಂತ ಬೀದಿಯವರು ಆಡಿಕೊಂಡರೂ ನಮ್ಮವ್ವ ಏನೂ ಅನ್ನಲಿಲ್ಲ.

ನಮ್ಮಪ್ಪ ಸರ್ಕಾರಿ ಕಚೇರಿಯಲ್ಲಿ ಜವಾನ. ಖಾಕಿ ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡು, ಟಪಾಲು ಚೀಲವನ್ನು ಸೈಕಲ್ಲಿಗೆ ನೇತುಹಾಕಿ ಹೊರಟನೆಂದರೆ ನಡುದಾರಿಯಲ್ಲಿ ಕಾಫಿಗೂ ನಿಲ್ಲುತ್ತಿರಲಿಲ್ಲ. ಅಣ್ಣ ಓದು ಬಿಟ್ಟಾಗ ಅದೇ ಕಚೇರಿಯಲ್ಲಿ ಅವನಿಗೂ ಒಂದು ಕೆಲಸಕ್ಕೆ ಅಪ್ಪ ಯಾರ್‍ಯಾರಿಗೋ ಕೈ ಮುಗಿದಿದ್ದ. ಕೆಲಸ ಸಿಗುವ ಹೊತ್ತಿಗೆ ಅಣ್ಣ ಹನೂರಿನ ಒಂದು ಗಾಡಿ ರಿಪೇರಿ ಶೆಡ್ಡಿಗೆ ಹೋಗಿ ಸೇರಿಕೊಂಡಿದ್ದ. ಅಲ್ಲಿಂದ ಅವರಿಬ್ಬರ ನಡುವೆ ಮಾತು ಕಡಿಮೆಯಾಯಿತು.

ಆಮೇಲೆ ಮೋಟಾರ್ ಸೈಕಲ್ ಬಂತು. ಬಿಳಿಗಿರಿರಂಗನ ಬೆಟ್ಟದ ಕಡೆಯ ಒಂದು ಕಾಫಿ ತೋಟದಲ್ಲಿ ಅದು ಕೆಟ್ಟು ಬಿದ್ದಿತ್ತಂತೆ. ಅಣ್ಣ ಅಲ್ಲಿಗೆ ನೀರಿನ ಪಂಪು ರಿಪೇರಿಗೆ ಹೋಗಿದ್ದಾಗ, ಬೇಕಾದರೆ ತೆಗೆದುಕೊಂಡು ಹೋಗು ಅಂತ ತೋಟದವರು ಕೊಟ್ಟರು. ಒಂದು ಮಳೆಗಾಲ ಪೂರ್ತಿ ಕೂತು ಅವನು ಅದಕ್ಕೆ ಜೀವ ಕೊಟ್ಟ. ತೋಟದೊಳಗಿನ ಮಣ್ಣು ದಾರಿ ಬಿಟ್ಟು ಎಂದೂ ಆಚೆಗೆ ಬರದ ಗಾಡಿಯಾದ್ದರಿಂದ ಅದಕ್ಕೆ ನಂಬರೇ ಇರಲಿಲ್ಲ. ಅಣ್ಣ ನಂಬರಿಗಾಗಿ ಓಡಾಡುತ್ತಿದ್ದಾನೆ ಅಂತ ಯಾರೋ ಹೇಳಿದಾಗ ಅಪ್ಪ ಊಟ ಮಾಡುತ್ತಿದ್ದವನು ಕೈ ನಿಲ್ಲಿಸಿ, “ನಂಬರ್ ಬರೂಗಂಟ ಆ ಗಾಡಿ ನಮ್ ಬೀದಿಗ್ ಬರಕೂಡ್ದು ಅಂತ ಏಳು ಅವ್ನಿಗೆ. ನಾನು ಸರ್ಕಾರದ ಅನ್ನ ತಿಂತಿವ್ನಿ,” ಎಂದಿದ್ದ. ಅಣ್ಣ ಅದನ್ನು ನಡೆಸಿಕೊಟ್ಟ. ಗಾಡಿ ಒಂದು ದಿನವೂ ನಮ್ಮ ಬೀದಿಗೆ ಬರಲಿಲ್ಲ.

ದೀಪಾವಳಿ ಕಳೆದ ಮೇಲೆ ಅಣ್ಣ ಜ್ವರ ಹೊತ್ತುಕೊಂಡು ಮನೆಗೆ ಬಂದ. ಬಸ್ಸಿಳಿದು ಜಗಲಿಯ ಮೇಲೆ ಕೂತವನು ಒಳಗೆ ಎದ್ದು ಬರಲಾರದೆ ಅಲ್ಲೇ ಒರಗಿಬಿಟ್ಟ. ವಿಷಮಜ್ವರ ಎಂದರು ಡಾಕ್ಟರು. ಅವ್ವ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತೇ ಇದ್ದಳು. ಅಪ್ಪ ರಜ ಹಾಕಿ ಔಷಧಿಗೆ ಓಡಾಡಿದ. ನನ್ನನ್ನು ಆ ಕೋಣೆಯೊಳಕ್ಕೆ ಬಿಡಲಿಲ್ಲ. ಬಾಗಿಲ ಸಂದಿಯಿಂದ ನಾನು ಕಂಡದ್ದು ಅವನ ಪಾದಗಳನ್ನು ಮಾತ್ರ, ಬೆರಳ ಸಂದುಗಳಲ್ಲಿ ಗ್ರೀಸಿನ ಕಪ್ಪು ಇನ್ನೂ ಹೋಗಿರಲಿಲ್ಲ. ಹುಣ್ಣಿಮೆಗೆ ಮುಂಚೆ ಅವನು ಹೋಗಿಬಿಟ್ಟ.

ಅದಾದ ಮೇಲೆ ಮನೆಯಲ್ಲಿ ಅವನ ಹೆಸರನ್ನು ಯಾರೂ ಎತ್ತಲಿಲ್ಲ. ಅಪ್ಪ ಕಚೇರಿಗೆ ಹೋದ, ಬಂದ. ಅವ್ವ ಬೇಯಿಸಿದಳು, ಬಡಿಸಿದಳು. ಅವರೆಕಾಯಿ ಕಾಲ ಶುರುವಾಯಿತು. ಸಂಜೆಯಾದರೆ ಬೀದಿಯ ತುಂಬ ಅವರೆಯ ಸೊಗಡು, ಜಗಲಿಗಳ ಮೇಲೆ ಹೆಂಗಸರು ಮಕ್ಕಳು ಕೂತು ಕಾಯಿ ಸುಲಿಯುವುದು, ನೆನೆಸಿದ ಕಾಳನ್ನು ಹಿತುಕಿ ಒಬ್ಬರ ಮೇಲೊಬ್ಬರು ಚಿಮ್ಮಿಸಿಕೊಂಡು ನಗುವುದು. ಆ ವರ್ಷ ನಮ್ಮ ಮನೆಗೆ ಅವರೆಕಾಯಿ ತರಲಿಲ್ಲ. ನನಗೆ ತಿನ್ನಬೇಕೆಂದು ಆಸೆಯಿತ್ತು, ಕೇಳಲು ಭಯವಿತ್ತು. ಆಸೆಯಾದದ್ದಕ್ಕೇ ನಾಚಿಕೆಯೂ ಆಗುತ್ತಿತ್ತು.

ಹೀಗಿರುವಾಗ ಹನೂರಿನ ಬಸ್ಸಿನ ಕಂಡಕ್ಟರು ಅಪ್ಪನಿಗೊಂದು ಸುದ್ದಿ ತಂದ. ಅಣ್ಣನ ಜೊತೆ ಕೆಲಸ ಮಾಡುತ್ತಿದ್ದ ಸೆಲ್ವ ಹೇಳಿ ಕಳಿಸಿದ್ದ. ಶೆಡ್ಡಿನ ಜಾಗ ಖಾಲಿ ಮಾಡಬೇಕಾಗಿದೆ, ಯಜಮಾನರು ಇರುವುದನ್ನೆಲ್ಲ ಹಳೇ ಕಬ್ಬಿಣಕ್ಕೆ ಹಾಕುತ್ತಿದ್ದಾರೆ, ಮಾದೇಶನ ಗಾಡಿ ಮೂಲೆಯಲ್ಲಿದೆ, ಬಂದು ತೆಗೆದುಕೊಂಡು ಹೋಗಿ ಅಂತ. ಅಪ್ಪ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಊಟಕ್ಕೆ ಕೂತಾಗ ಅವ್ವನೇ, “ತಂದ್ಬುಡು,” ಅಂದಳು. ಅಷ್ಟೇ. ಬೆಳಿಗ್ಗೆ ಅವನು ಹೊರಟು ನಿಂತಾಗ ನನ್ನ ತಲೆ ಬಾಚಿ, ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಯ ಗಂಟನ್ನು ಕೈಗಿಟ್ಟು, ಕಿವಿಯ ಹತ್ತಿರ ಬಗ್ಗಿ ಹೇಳಿದಳು, “ಅಪ್ಪ ಒಬ್ನೇ ಓಗದು ಬ್ಯಾಡ. ನೀನು ಜೊತೇಲಿರು.”

ಹನೂರಿನ ಶೆಡ್ಡಿನೊಳಗೆ ಕಾಲಿಟ್ಟ ಕೂಡಲೇ ಅಣ್ಣನ ವಾಸನೆ ಬಂತು. ಸೀಮೆಎಣ್ಣೆ, ಗ್ರೀಸು, ಬಿಸಿಲಿಗೆ ಕಾದ ರಬ್ಬರು ಎಲ್ಲ ಬೆರೆತ ವಾಸನೆ. ಅವನ ಅಂಗಿಗೆ ಮೂಗಿಟ್ಟಾಗ ಬರುತ್ತಿದ್ದದ್ದು ಅದೇ. ಅಪ್ಪ ಬಾಗಿಲಲ್ಲೇ ನಿಂತುಬಿಟ್ಟ. ಸೆಲ್ವ ಅಣ್ಣನ ಓರಗೆಯ ಹುಡುಗ, ಮನೆಮಾತು ತಮಿಳು. ನಮ್ಮನ್ನು ಕಂಡವನೇ ಕೈ ಒರೆಸಿಕೊಂಡು ಬಂದು, ಮೂಲೆಗೆ ಹೋಗಿ ಗೋಣಿತಾಟನ್ನು ಎತ್ತಿದ. ಕರ್‍ರಗೆ ಮಿನುಗುವ ಗಾಡಿ ಕೆಳಗಿತ್ತು. ಮುಂದಿನ ಮಡ್‌ಗಾರ್ಡಿನ ಮೇಲಿನ ತಗಡಿಗೆ ಕಪ್ಪು ಬಣ್ಣ ಬಳಿದು, ನಂಬರು ಬರೆಯಲು ಸೀಮೆಸುಣ್ಣದಿಂದ ಸಣ್ಣಗೆ ಎರಡು ಗೆರೆ ಎಳೆದಿತ್ತು. ಗೆರೆಗಳ ನಡುವೆ ಏನೂ ಇರಲಿಲ್ಲ.

ತಾನೇ ಓಡಿಸಿಕೊಂಡು ಬಂದು ಯಳಂದೂರಿಗೆ ಮುಟ್ಟಿಸುತ್ತೇನೆ ಎಂದ ಸೆಲ್ವ. ಮುಂಜಾನೆ ಹೊರಟರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದ. ಅಪ್ಪ ಒಪ್ಪಲಿಲ್ಲ. ನಂಬರಿಲ್ಲದ ಗಾಡಿ ರಸ್ತೆಯ ಮೇಲೆ ಓಡಕೂಡದು, ಇಂಜಿನ್ನನ್ನು ಮುಟ್ಟಲೇಬೇಡ ಎಂದ. ಲಾರಿಯವನೊಬ್ಬನನ್ನು ಕೇಳಿದರು. ಕಾಗದಪತ್ರವಿಲ್ಲದ ಗಾಡಿ ಹೇರಿಕೊಂಡರೆ ತನಗೆ ತಂಟೆ ಅಂತ ಅವನು ಹೊರಟೇ ಹೋದ. ಕೊನೆಗೆ ಅಜ್ಜೀಪುರದ ಮುದುಕನೊಬ್ಬ ಹಿಂಡಿ ತರಲು ಎತ್ತಿನಗಾಡಿ ಹೂಡಿಕೊಂಡು ಕೊಳ್ಳೇಗಾಲಕ್ಕೆ ಹೋಗುತ್ತಿದ್ದವನು ನಮ್ಮ ಕತೆ ಕೇಳಿ, “ಕಾಲಿ ಗಾಡೀನೇ ಓಯ್ತದೆ, ಏರ್ಕಳಿ,” ಅಂದ. ಕೊಳ್ಳೇಗಾಲದಿಂದ ಮುಂದಕ್ಕೆ ತಳ್ಳಿಕೊಂಡು ಹೋಗುವುದು ಅಂತ ಅಪ್ಪ ತೀರ್ಮಾನಿಸಿದ. ಮನೆಯವರೆಗೂ ತಾನೂ ಬರುತ್ತೇನೆ ಎಂದ ಸೆಲ್ವ.

ಹೇರುವ ಮೊದಲು ಅವನು ಟ್ಯಾಂಕಿನಲ್ಲಿದ್ದ ಪೆಟ್ರೋಲನ್ನೆಲ್ಲ ಡಬ್ಬಕ್ಕೆ ಇಳಿಸಿ ಕೊಳಾಯಿ ಬಂದ್ ಮಾಡಿದ. ಪ್ಲಗ್ಗಿನ ವೈರನ್ನು ಕಿತ್ತು, ತುದಿಗೆ ಬಟ್ಟೆ ಸುತ್ತಿದ. ಇನ್ನು ಯಾರು ಒದ್ದರೂ ಇದು ಏಳುವುದಿಲ್ಲ ಎಂದ. ಗೇರನ್ನು ನ್ಯೂಟ್ರಲ್ಲಿಗೆ ತಂದು, ಹಿಂದೆ ಮುಂದೆ ತಳ್ಳಿ, ಚಕ್ರ ಸಲೀಸಾಗಿ ಉರುಳುವುದನ್ನು ಅಪ್ಪನಿಗೆ ತೋರಿಸಿದ. ಎರಡು ಹಲಗೆಗಳನ್ನು ಇಳಿಜಾರಾಗಿ ಇಟ್ಟು, ಮೂವರೂ ಸೇರಿ ಮೇಲಕ್ಕೆ ನೂಕಿದರು. ಮುಂದಿನ ಚಕ್ರ, ಎತ್ತುಗಳ ನಡುವೆ ಚಾಚಿದ ಮೂಕಿಯ ಕಡೆಯ ಅಡ್ಡಮರಕ್ಕೆ ಒತ್ತಿ ನಿಂತಿತು. ಅಡಿಗೆ ಹುಲ್ಲು, ಪಕ್ಕಕ್ಕೆ ಗೋಣಿಚೀಲ. ಸೆಲ್ವ ತೆಂಗಿನ ಹಗ್ಗದಿಂದ ಹ್ಯಾಂಡಲ್ಲಿನ ಬುಡವನ್ನು ಎರಡೂ ಕಡೆಗೆ ಎಳೆದು ಬಿಗಿದ. ಹಗ್ಗ ಟ್ಯಾಂಕಿಗೆ ಉಜ್ಜದಂತೆ ಅಪ್ಪ ತನ್ನ ಟವಲನ್ನು ಮಡಿಸಿ ನಡುವೆ ಸೇರಿಸಿದ. ಟ್ಯಾಂಕಿನ ಬಣ್ಣ ಅಣ್ಣನೇ ಬಳಿದದ್ದು ಅಂತ ಯಾರೂ ಅವನಿಗೆ ಹೇಳಿರಲಿಲ್ಲ.

ಎತ್ತುಗಳ ಕೊರಳ ಗಂಟೆಯ ಸದ್ದಿನಲ್ಲಿ ನಾವು ಹನೂರು ಬಿಟ್ಟೆವು. ದಾರಿಯುದ್ದಕ್ಕೂ ರಾಗಿ ಮೆದೆಗಳು, ಹುಣಸೆಮರದ ನೆರಳು, ಹಿಂದೆ ಸಾಲಾಗಿ ನೀಲಿ ಬೆಟ್ಟ. ಅಪ್ಪ ಗಾಡಿಯೊಳಗೆ ಕೂರದೆ, ಮೋಟಾರ್ ಸೈಕಲ್ಲಿನ ಪಕ್ಕದಲ್ಲೇ ಒಂದು ಕೈಯನ್ನು ಅದರ ಸೀಟಿನ ಮೇಲಿಟ್ಟುಕೊಂಡು ನಿಂತಿದ್ದ. ಕಾಮಗೆರೆ ದಾಟಿದ ಮೇಲೆ ಒಂದು ಕಡೆ ರಸ್ತೆ ಕಿತ್ತುಹೋಗಿತ್ತು. ಎತ್ತಿನಗಾಡಿಯ ಎಡಗಾಲಿ ಧೊಪ್ಪನೆ ಹಳ್ಳಕ್ಕಿಳಿಯಿತು. ಹಗ್ಗ ಸಡಿಲಾಗಿ ಮೋಟಾರ್ ಸೈಕಲ್ಲಿನ ಅಷ್ಟೂ ಭಾರ ಅಪ್ಪನ ಕಡೆಗೆ ವಾಲಿತು. ಬಿಟ್ಟು ಆಚೆಗೆ ನೆಗೆಯಿರಿ ಅಂತ ಸೆಲ್ವ ಕೂಗಿದ. ಅಪ್ಪ ನೆಗೆಯಲಿಲ್ಲ. ಹೆಗಲನ್ನು ಅದರ ಕೆಳಗೆ ಕೊಟ್ಟು, ಗಾಡಿಯ ಗೂಟಕ್ಕೆ ಬೆನ್ನೊತ್ತಿಕೊಂಡು, ಹಲ್ಲು ಕಚ್ಚಿ ಹಿಡಿದ. ಸೆಲ್ವ ಮೇಲಕ್ಕೆ ಹತ್ತಿ ಎತ್ತಿ ನಿಲ್ಲಿಸುವ ತನಕ ಅಪ್ಪನ ಮುಖದಲ್ಲಿ ರಕ್ತವಿರಲಿಲ್ಲ. ಹೆಗಲ ಹತ್ತಿರ ಖಾಕಿ ಅಂಗಿ ಹರಿದಿತ್ತು, ಚರ್ಮ ಸುಲಿದಿತ್ತು. ಅವನು ಅದನ್ನು ನೋಡಿಕೊಳ್ಳಲಿಲ್ಲ.

“ಏನೂ ಆಗ್ನಿಲ್ಲ ತಾನೇ ಅದ್ಕೆ?” ಅಂತ ಸೆಲ್ವನನ್ನು ಕೇಳಿದ.

ಏನೂ ಆಗಿಲ್ಲ ಎಂದ ಸೆಲ್ವ. ಅಪ್ಪನಿಗೆ ನಂಬಿಕೆ ಬರಲಿಲ್ಲ. “ಬೀಳಕ್ ಬುಡ್ನಿಲ್ಲ ಅಲ್ವಾ ನಾನು?” ಅಂತ ಮತ್ತೆ ಕೇಳಿದ. ಆಮೇಲೆ ಮೂಕಿಯ ಮೇಲೆ ಕೂತು ಮುಖವನ್ನು ತೋಳಿನಿಂದ ಮುಚ್ಚಿಕೊಂಡ. ಅಣ್ಣ ಹೋದ ದಿನವೂ ಅಳದಿದ್ದ ಅಪ್ಪ ಹಾಗೆ ಕೂತದ್ದನ್ನು ಕಂಡು, ನಾನು ಏನು ಮಾಡಬೇಕೋ ತಿಳಿಯದೆ ರೊಟ್ಟಿಯ ಗಂಟನ್ನು ಬಿಚ್ಚಿ ಅವನ ಮುಂದೆ ಹಿಡಿದೆ. ಮುದುಕ ಎತ್ತುಗಳನ್ನು ನೆರಳಿಗೆ ಬಿಟ್ಟು, ಹಗ್ಗವನ್ನು ಮೊದಲಿನಿಂದ ಬಿಗಿದ.

ರೊಟ್ಟಿ ತಿನ್ನುವಾಗ ಸೆಲ್ವ ಇನ್ನೊಮ್ಮೆ ಮೆಲ್ಲಗೆ ಕೇಳಿದ. ಇಷ್ಟು ಕಷ್ಟ ಯಾಕೆ, ಕೊಳ್ಳೇಗಾಲದಿಂದಾಚೆಗಾದರೂ ಓಡಿಸಿಬಿಡೋಣ ಅಂದ. ಅಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ಗಂಟಿನ ಮೇಲಿಟ್ಟ.

“ನಂಬರಿಂದು ಒಂದ್ ಕಡೆ ಇರ್ಲಿ ಕಣಪ್ಪ. ಅವ್ಳು ಮನೇಲವ್ಳೆ. ಬೀದೀಲಿ ಈ ಗಾಡಿ ಸದ್ದಾಗಿ, ಮಗ ಬಂದ ಅಂತ ಎದ್ದು ಬಂದು ನೋಡುದ್ರೆ ನಾನು ಇಳೀತೀನಿ. ತಡ್ಕಂಡಾಳಾ ಅವ್ಳು?”

ಸೆಲ್ವ ಮತ್ತೆ ಆ ಮಾತನ್ನು ಎತ್ತಲಿಲ್ಲ.

ಕೊಳ್ಳೇಗಾಲ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ಮೋಟಾರ್ ಸೈಕಲ್ಲನ್ನು ಇಳಿಸಿಕೊಟ್ಟು ಮುದುಕ ತನ್ನ ದಾರಿ ಹಿಡಿದ. ಛತ್ರದ ಪಡಸಾಲೆಯಲ್ಲಿ ಜಾಗ ಕೊಟ್ಟರು. ಬೀದಿಯಲ್ಲಿ ಮನೆಮನೆಯಿಂದಲೂ ಮಗ್ಗದ ಸದ್ದು ಬರುತ್ತಿತ್ತು. ಅದನ್ನು ಕೇಳುತ್ತಲೇ ನನಗೆ ನಿದ್ದೆ ಹತ್ತಿತು. ಬೆಳಿಗ್ಗೆ ಎದ್ದಾಗ ಅಪ್ಪ ಆಗಲೇ ಸ್ನಾನ ಮಾಡಿ, ಹರಿದ ಅಂಗಿಗೆ ಛತ್ರದವರಿಂದ ಸೂಜಿದಾರ ಪಡೆದು ಹೊಲಿಗೆ ಹಾಕಿಕೊಂಡು ನಿಂತಿದ್ದ.

ಸೆಲ್ವ ಅವನಿಗೆ ತಳ್ಳುವುದನ್ನು ಕಲಿಸಿದ. ಎಡಗಡೆ ನಿಂತು ಎರಡು ಕೈಯಲ್ಲೂ ಹ್ಯಾಂಡಲ್ ಹಿಡಿಯಬೇಕು, ಗಾಡಿಯನ್ನು ಸ್ವಲ್ಪ ತನ್ನ ಮೈಕಡೆಗೇ ಒರಗಿಸಿಕೊಳ್ಳಬೇಕು, ಆಚೆಗೆ ವಾಲಿತೆಂದರೆ ಹಿಡಿಯಲಾಗದು. ಚಕ್ರ ನೋಡಬಾರದು, ದಾರಿ ನೋಡಬೇಕು. ಇಳುಕಲಿನಲ್ಲಿ ಬಲಗೈಯ ಎರಡು ಬೆರಳು ಬ್ರೇಕಿನ ಮೇಲೇ ಇರಬೇಕು, ಆದರೆ ಗಬಕ್ಕನೆ ಹಿಡಿಯಬಾರದು. ಹಿಂದಿನ ಕ್ಯಾರಿಯರಿಗೆ ಹಗ್ಗ ಕಟ್ಟಿ ಸೆಲ್ವ ತಾನು ಹಿಡಿದುಕೊಂಡ. ಏರಿನಲ್ಲಿ ನೂಕಲು, ಇಳುಕಲಿನಲ್ಲಿ ಜಗ್ಗಿ ತಡೆಯಲು. ನಿಂತಾಗಲೆಲ್ಲ ಚಕ್ರಕ್ಕೆ ಕೊಡಲು ಒಂದು ಕಲ್ಲನ್ನು ಲಂಗದ ಮಡಿಲಲ್ಲಿ ಇಟ್ಟುಕೊಳ್ಳುವುದು ನನ್ನ ಕೆಲಸ.

ಊರು ಬಿಡುವ ಮೊದಲೇ, ಬಸ್‌ಸ್ಟ್ಯಾಂಡಿನ ಹತ್ತಿರ ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದ. ಖಾಲಿ ತಗಡನ್ನು ನೋಡಿ, ನಂಬರೆಲ್ಲಿ ಎಂದ. ಅಪ್ಪ ಗಾಡಿಯನ್ನು ನಿಲ್ಲಿಸಿ, ಚಪ್ಪಲಿ ಬಿಟ್ಟು ನಿಂತು, ಟ್ಯಾಂಕಿನ ಮುಚ್ಚಳ ತೆಗೆದು ತೋರಿಸಿದ. ಪೆಟ್ರೋಲಿಲ್ಲ ಸಾ, ಇಂಜಿನ್ ಚಾಲೂ ಮಾಡಿಲ್ಲ, ಮುಂದಕ್ಕೂ ಮಾಡುವುದಿಲ್ಲ ಎಂದ. ಗಾಡಿ ಯಾರದು ಅಂತ ಅವನು ಕೇಳಿದ. ನನ್ನ ಮಗನದು ಎಂದ ಅಪ್ಪ.

“ಮಗ ಎಲ್ಲಿ? ಅವ್ನುನ್ ಬರಾಕೇಳಿ.”

ಅಪ್ಪ ಕೈಯಲ್ಲಿದ್ದ ಮುಚ್ಚಳವನ್ನು ಅಂಗಿಯ ತುದಿಗೆ ಒರೆಸತೊಡಗಿದ. ಸೆಲ್ವ ನೆಲ ನೋಡುತ್ತಿದ್ದ. ಆ ಮಾತನ್ನು ನಮ್ಮ ಮನೆಯವರು ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಅದನ್ನು ಮೊದಲು ಆಡಿದವಳು ನಾನು.

“ನಮ್ಮಣ್ಣ ಸತ್ತೋದ ಸಾ. ಮನೆಗ್ ತಕಂಡ್ ಓಯ್ತಿದ್ದೀವಿ.”

ಪೊಲೀಸಿನವನು ನನ್ನನ್ನೂ ಅಪ್ಪನ ಬೋಳಿಸಿದ ತಲೆಯನ್ನೂ ನೋಡಿದ. ಮುಚ್ಚಳವನ್ನು ಅಪ್ಪನ ಕೈಯಿಂದ ತೆಗೆದುಕೊಂಡು ತಾನೇ ತಿರುಗಿಸಿ ಹಾಕಿದ. “ಎಡಕ್ಕೇ ಓಗಿ. ಬಸ್ಸು ಬರೋ ವೊತ್ತು,” ಅಂತ ಹೇಳಿ, ರಸ್ತೆಯ ನಡುವೆ ನಿಂತು, ನಾವು ತಿರುವು ದಾಟುವವರೆಗೂ ಎದುರಿನ ಗಾಡಿಗಳನ್ನು ತಡೆದು ನಿಲ್ಲಿಸಿದ.

ಅಲ್ಲಿಂದಾಚೆಗೆ ಅಪ್ಪನಲ್ಲಿ ಏನೋ ಸಡಿಲವಾಯಿತು. ಹಿಪ್ಪುನೇರಳೆ ತೋಟ, ಗದ್ದೆ ಬಯಲುಗಳ ನಡುವೆ ದಾರಿ. ಎದುರಾದವರೆಲ್ಲ ಪೆಟ್ರೋಲ್ ಮುಗಿದುಹೋಯಿತೇ ಎಂದು ಕೇಳುತ್ತಿದ್ದರು. ಒಂದು ಕಡೆ ಹುರುಳಿಯನ್ನು ರಸ್ತೆಯ ಮೇಲೆ ಹರಡಿದ್ದರು. ಅಪ್ಪ ಅದನ್ನು ತುಳಿಯದೆ ಬಳಸಿಕೊಂಡು ಹೋಗಲು ನೋಡಿದಾಗ ಹೆಂಗಸೊಬ್ಬಳು, “ಮ್ಯಾಲೇ ಒಡ್ಕಂಡು ಓಗಪ್ಪ, ನಮ್ಗೂ ಒಸಿ ಬಡ್ದಂಗಾಯ್ತದೆ,” ಎಂದಳು. ಅಪ್ಪ ನಕ್ಕ. ಎಷ್ಟೋ ದಿನದ ಮೇಲೆ ಅವನು ನಕ್ಕದ್ದು. ಒಣಗಿದ ಹುರುಳಿ ಸಿಪ್ಪೆ ಚಕ್ರದಡಿ ಪಟಪಟ ಒಡೆಯಿತು.

ನಾನು ಕುಂಟುವುದನ್ನು ಕಂಡು ಅವನು ನನ್ನನ್ನೆತ್ತಿ ಸೀಟಿನ ಮೇಲೆ ಕೂರಿಸಿದ. ತೊಗಲಿನ ಸೀಟು ನಡುವೆ ತಗ್ಗಾಗಿತ್ತು. ಅಣ್ಣ ಕೂತು ಕೂತು ಆದ ತಗ್ಗು, ನಾನು ಅದರಲ್ಲಿ ಪೂರ್ತಿ ಇಳಿದುಹೋದೆ. ನಂಬರ್ ಬಂದ ದಿನ ನನ್ನನ್ನು ಕೂರಿಸಿಕೊಂಡು ಬೆಟ್ಟಕ್ಕೆ ಹೋಗುತ್ತೇನೆ ಅಂತ ಅಣ್ಣ ಹೇಳಿದ್ದ ಎಂದೆ. ಅಪ್ಪ ತಳ್ಳುತ್ತಲೇ ಕೇಳಿದ.

“ಇನ್ನೇನಂತಿದ್ದ ಮಾದೇಶ?”

ಅಣ್ಣ ಹೋದ ಮೇಲೆ ಅವನ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. ಉತ್ತರ ಹೇಳಿದವನು ಸೆಲ್ವ. ಹಿಂದಿನಿಂದ ನೂಕುತ್ತ, ಏದುಸಿರು ಬಿಡುತ್ತ, ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಒಂದೊಂದಾಗಿ ಹೇಳತೊಡಗಿದ. ಮಾದೇಶ ಎಷ್ಟು ಹೊತ್ತಾದರೂ ಕೆಲಸ ಮುಗಿಯದೆ ಊಟಕ್ಕೆ ಏಳುತ್ತಿರಲಿಲ್ಲ. ಬಿಚ್ಚಿದ ನಟ್ಟುಗಳನ್ನು ಒಂದು ಮಣ್ಣಿನ ತಟ್ಟೆಯಲ್ಲಿ ಬಿಚ್ಚಿದ ಸಾಲಿನಲ್ಲೇ ಇಡುತ್ತಿದ್ದ. ಸಿಟ್ಟು ಬಂದರೆ ಮಾತಾಡದೆ ಹೋಗಿ ಕೈ ತೊಳೆದುಕೊಂಡು ಬರುತ್ತಿದ್ದ. ಇದೇ ಥರ ಕೈ ತೊಳೆಯಲು ಎದ್ದು ಹೋಗುವುದು ಅಪ್ಪನ ಅಭ್ಯಾಸ ಅಂತ ಸೆಲ್ವನಿಗೆ ಗೊತ್ತಿರಲಿಲ್ಲ. ಶೆಡ್ಡಿನಲ್ಲಿ ಯಾರಾದರೂ ಗಿರಾಕಿಯ ಗಾಡಿಯಿಂದ ಒಂದು ಸಾಮಾನು ಎತ್ತಿಟ್ಟರೆ ಜಗಳಕ್ಕೆ ನಿಲ್ಲುತ್ತಿದ್ದನಂತೆ.

“ನಮ್ಮಪ್ಪ ಆಫೀಸ್ ಗುಂಡುಪಿನ್ ಕೂಡ ಮನೆಗೆ ತರೋರಲ್ಲ, ನಾ ಅವ್ರ ಮಗ, ಅಂತ ಸೊಲ್ಲುವಾನು ಅಪ್ಪಾ. ಎಲ್ಲಾರ್ ಮುಂದೆನೂ ಸೊಲ್ಲುವಾನು.”

ನಾನು ಸೀಟಿನ ಮೇಲಿಂದ ಅಪ್ಪನ ಕೈಗಳನ್ನೇ ನೋಡುತ್ತಿದ್ದೆ, ಹ್ಯಾಂಡಲ್ಲಿನ ಹಿಡಿಯನ್ನು ಅವು ಮತ್ತೆ ಮತ್ತೆ ಬಿಗಿ ಹಿಡಿಯುತ್ತಿದ್ದವು. ಆಮೇಲೆ ಅವನು, ಮಗ ಅಲ್ಲಿ ಯಾರ ಕೈಯಡುಗೆ ತಿನ್ನುತ್ತಿದ್ದ, ಎಲ್ಲಿ ಮಲಗುತ್ತಿದ್ದ ಅಂತ ಒಂದೊಂದೇ ಕೇಳತೊಡಗಿದ. ಮಗ ಬದುಕಿದ್ದಾಗ ಕೇಳಬೇಕಾಗಿದ್ದ ಮಾತುಗಳನ್ನೆಲ್ಲ ಆ ಗಾಡಿಯನ್ನು ತಳ್ಳಿಕೊಂಡು ಬರುವ ದಾರಿಯಲ್ಲಿ ಕೇಳಿದ. ನಡಿಗೆ ನಿಧಾನವಾಗಿತ್ತು, ಹಾಗಾಗಿ ಎಲ್ಲವನ್ನೂ ಕೇಳಲು ಸಮಯ ಸಿಕ್ಕಿತು. ಓಡಿಸಿಕೊಂಡು ಬಂದಿದ್ದರೆ ಸಿಗುತ್ತಿರಲಿಲ್ಲ.

ಸುವರ್ಣಾವತಿಯ ಸೇತುವೆಗೆ ಇಳಿಯುವ ಇಳಿಜಾರಿನಲ್ಲಿ ನನ್ನನ್ನು ಇಳಿಸಿದರು. ಗಾಡಿ ತಾನಾಗಿ ಓಡಲು ನೋಡುತ್ತಿತ್ತು. ಹಿಂದೆ ಸೆಲ್ವ ಹಗ್ಗ ಜಗ್ಗಿ ಕಾಲೂರಿದ. ಮುಂದೆ ಅಪ್ಪ ಅದನ್ನು ಮೈಗೊರಗಿಸಿಕೊಂಡು, ಎರಡು ಬೆರಳಿನಲ್ಲಿ ಬ್ರೇಕನ್ನು ಹಿಡಿದು ಬಿಟ್ಟು ಮಾಡುತ್ತ, ಒಂದು ಸಲವೂ ಎಡವದೆ ಇಳಿಸಿದ. ಎದುರಿಗೆ ಯಳಂದೂರಿನ ತೆಂಗಿನ ತಲೆಗಳು ಕಾಣುತ್ತಿದ್ದವು.

ಬೀದಿಗೆ ಬಂದಾಗ ಹೊತ್ತು ವಾಲಿತ್ತು. ಅವರೆಕಾಯಿ ಸುಲಿಯುತ್ತಿದ್ದವರು ಎದ್ದು ನಿಂತರು. ಅವ್ವ ನಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ನಾವು ಬಾಗಿಲ ಮುಂದೆ ಬಂದು ನಿಂತ ಮೇಲೇ ಅವಳು ತಲೆಯೆತ್ತಿದ್ದು. ಗಾಡಿಯನ್ನು ಕಂಡು ಬೆಚ್ಚಿದಳು. ಇಳಿದು ಬಂದು, ಟ್ಯಾಂಕಿನ ಮೇಲೆ, ಸೀಟಿನ ಮೇಲೆ ಕೈಯಾಡಿಸಿದಳು. ಆಮೇಲೆ ಅಪ್ಪನ ಕಡೆಗೆ ತಿರುಗಿದಳು.

“ಸದ್ದೇ ಆಗ್ನಿಲ್ವಲ್ಲ?”

ಅಪ್ಪ ಮೆಲ್ಲಗೆ ಹೇಳಿದ. ಇಂಜಿನ್ ಚಾಲೂ ಮಾಡಲಿಲ್ಲ, ಹನೂರಿಂದ ಇಲ್ಲಿಗಂಟ ಒಂದೇ ಒಂದು ಸಲವೂ ಮಾಡಲಿಲ್ಲ, ಸದ್ದು ಕೇಳಿ ನಿನಗೆ ಸಂಕಟವಾಗುತ್ತದೆ ಅಂತ ಎತ್ತಿನಗಾಡಿಗೆ ಹೇರಿಕೊಂಡು, ತಳ್ಳಿಕೊಂಡು ಬಂದೆವು ಎಂದ. ಅವ್ವ ಅವನ ಹೊಲಿಗೆ ಹಾಕಿದ ಹೆಗಲನ್ನು ನೋಡಿದಳು.

“ನಿನ್ನೆಯಿಂದ ಕಿವಿ ಕೊಟ್ಕಂಡ್ ಕೂತಿವ್ನಿ ಕಣಪ್ಪ. ಅವ್ನು ಬಸ್ಸಲ್ಲಿ ಬತ್ತಿದ್ದ ಅಂದ್ಕಂಡಿದ್ದೆ ನೀನು. ಸೇತ್ವೆ ತಾವ್ಗಂಟ ಇದ್ರಲ್ಲೇ ಬರೋನು. ಅಲ್ಲೇ ನಿಲ್ಸಿ ನಡ್ಕಂಡ್ ಬರೋನು, ನೀನ್ ಬ್ಯಾಡ ಅಂದಿದ್ದೆ ಅಂತ. ಗಾಳಿ ಇತ್ಲಗಿದ್ರೆ ನಂಗ್ ಇಲ್ಲಿಗ್ ಕೇಳೋದು. ಕೇಳಿದ್ ಮ್ಯಾಲೆ ಎಸ್ರಿಡ್ತಿದ್ದೆ. ಒಳಕ್ ಬರೊ ವೊತ್ಗೆ ಮುದ್ದೆ ಆಗ್ತಿತ್ತು. ಒಂದ್ ಸಲ, ಒಂದೇ ಸಲ ಕೇಳ್ಬೇಕು ಅಂತ ತಂದ್ಬುಡು ಅಂದೆ.”

ಅಪ್ಪ ಗಾಡಿಯನ್ನು ಹಿಡಿದುಕೊಂಡೇ ನಿಂತಿದ್ದ. ಸ್ಟ್ಯಾಂಡು ಹಾಕಲು ಅವನಿಗೆ ತೋಚಲಿಲ್ಲ. ಸೆಲ್ವ ಬಂದು ಹಾಕಿದ.

ಯಳಂದೂರಿನಲ್ಲಿ ಆಗ ಪೆಟ್ರೋಲ್ ಸಿಗುತ್ತಿರಲಿಲ್ಲ. ಮಾರನೆಯ ದಿನ ಅಪ್ಪ ಮೊದಲ ಬಸ್ಸಿಗೆ ಕೊಳ್ಳೇಗಾಲಕ್ಕೆ ಹೋದ. ಬಸ್ಸಿನಲ್ಲಿ ಪೆಟ್ರೋಲ್ ತರಕೂಡದು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಾಟಲಿಯನ್ನು ಟಪಾಲು ಚೀಲದಲ್ಲಿ ಬಟ್ಟೆ ಸುತ್ತಿ ಇಟ್ಟುಕೊಂಡು, ಕಂಡಕ್ಟರ ಮುಖ ನೋಡದೆ, ಕಿಟಕಿಯ ಪಕ್ಕ ಕೂತು ತಂದ. ಅವನು ಗೊತ್ತಿದ್ದೂ ಕಾನೂನು ಮುರಿದದ್ದು ನನಗೆ ತಿಳಿದಂತೆ ಅದೊಂದೇ ಸಲ.

ಸೆಲ್ವ ಪ್ಲಗ್ಗಿನ ವೈರನ್ನು ಮತ್ತೆ ಸೇರಿಸಿ, ಪೆಟ್ರೋಲ್ ಹುಯ್ದು ಒದೆಯತೊಡಗಿದ. ಗಾಡಿ ಏಳಲಿಲ್ಲ. ಬಿಚ್ಚಿದ, ಒರೆಸಿದ, ಮತ್ತೆ ಒದ್ದ. ಮಾದೇಶನಿಗೆ ಇದರ ಒಂದು ಗುಟ್ಟು ಗೊತ್ತಿತ್ತು, ನನಗೆ ಯಾವತ್ತೂ ಅದು ಕೈಗೆ ಬರಲಿಲ್ಲ ಎಂದ. ಅವನ ಅಂಗಿ ನೆನೆದು ಬೆನ್ನಿಗಂಟಿತ್ತು. ಅವ್ವ ಕಂಬದ ಪಕ್ಕ ನಿಂತಿದ್ದಳು, ಸೆರಗನ್ನು ಬಾಯಿಗೊತ್ತಿಕೊಂಡು. ಇನ್ನು ಸಾಕು ಅಂತ ಅಪ್ಪ ಹೇಳುವಷ್ಟರಲ್ಲಿ ಗಾಡಿ ಒಮ್ಮೆ ಕೆಮ್ಮಿತು. ನೀಲಿ ಹೊಗೆ ಉಗುಳಿತು. ಆಮೇಲೆ ಬೀದಿಯ ಗೋಡೆಗಳೆಲ್ಲ ಅದುರುವ ಹಾಗೆ ಸದ್ದು ಮಾಡಿತು.

ನಾನು ಅವ್ವನ ಮುಖ ನೋಡಿದೆ. ಅವಳ ಮುಖದಲ್ಲಿ ಅಳು ಇರಲಿಲ್ಲ. ಯಾರೋ ಹೆಸರು ಹಿಡಿದು ಕರೆದರೆನ್ನುವಂತೆ ಸೆರಗು ಸಿಕ್ಕಿಸಿಕೊಂಡು ತಿರುಗಿ ಒಳಗೆ ಹೋದಳು. ಅಷ್ಟರಲ್ಲಿ ಇಂಜಿನ್ನು ತಡವರಿಸಿ ನಿಂತುಹೋಯಿತು. ಸೆಲ್ವ ಮತ್ತೆ ಒದೆಯಲು ಕಾಲೆತ್ತಿದಾಗ ಅಪ್ಪ ಅವನ ತೋಳು ಹಿಡಿದು ತಡೆದ. ಬೀದಿಯೆಲ್ಲ ಸುಮ್ಮನಾಗಿತ್ತು. ಒಳಗಿನಿಂದ ಹಂಡೆಯ ನೀರನ್ನು ಮೊಗೆದು ಪಾತ್ರೆಗೆ ಸುರಿಯುವ ಸದ್ದು ಕೇಳಿಬಂತು.

ಆ ಗಾಡಿ ಮತ್ತೆ ಎಂದೂ ಏಳಲಿಲ್ಲ. ಸೆಲ್ವ ಕೈಲಾದಷ್ಟು ನೋಡಿದ, ಬೇಕಾದ ಸಾಮಾನು ಎಲ್ಲೂ ಸಿಗಲಿಲ್ಲ. ಅಪ್ಪ ನಂಬರಿಗೆ ಅಂತ ವರ್ಷಗಟ್ಟಲೆ ಅರ್ಜಿ ಹಾಕಿದ. ತೋಟದ ಮೊದಲ ಯಜಮಾನರ ಕಾಗದ ಬೇಕೆಂದರು, ಅದು ಯಾರ ಹತ್ತಿರವೂ ಇರಲಿಲ್ಲ. ಭಾನುವಾರಗಳಲ್ಲಿ ಅವನು ಕೊಟ್ಟಿಗೆಯಲ್ಲಿ ಕೂತು ಅದನ್ನು ಒರೆಸುತ್ತಿದ್ದ, ಅವ್ವ ಒಮ್ಮೊಮ್ಮೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದಳು. ಇಬ್ಬರೂ ಅಲ್ಲಿ ಅಣ್ಣನ ವಿಷಯ ಮಾತಾಡುವುದು ನನಗೆ ಕೇಳುತ್ತಿತ್ತು. ಮುಂದಿನ ವರ್ಷ ಅವರೆಕಾಯಿ ಮನೆಗೆ ಬಂತು. ಅವ್ವ ಹೋದ ಮೇಲೆ ಅಪ್ಪ ಸೆಲ್ವನನ್ನು ಕರೆಸಿ, ನೀನೇ ಇಟ್ಟುಕೋ ಅಂತ ಗಾಡಿಯನ್ನು ಕೊಟ್ಟುಬಿಟ್ಟ. ಈಗ ಅಪ್ಪನೂ ಇಲ್ಲ, ಸೆಲ್ವನೂ ಇಲ್ಲ. ಗಾಡಿ ಏನಾಯಿತೋ ಗೊತ್ತಿಲ್ಲ.

ಇವತ್ತು ಅದೇ ಬೀದಿಯಲ್ಲಿ ಮನೆಗೊಂದು, ಎರಡು ಮೋಟಾರ್ ಸೈಕಲ್ಲುಗಳಿವೆ. ಬೆಳಗಿನಿಂದ ಸದ್ದು ನಿಲ್ಲುವುದಿಲ್ಲ. ತವರಿಗೆ ಹೋದಾಗ ಜಗಲಿಯ ಮೇಲೆ ಕೂತು ಕೇಳುತ್ತೇನೆ. ಯಾವುದು ಯಾರದೆಂದು ನನಗೆ ತಿಳಿಯುವುದಿಲ್ಲ, ಎಲ್ಲ ಒಂದೇ ಥರ. ಅಣ್ಣನ ಮುಖ ನೆನೆಯಲು ಒಂದು ಫೋಟೋ ಕೂಡ ಇಲ್ಲ. ಅವನ ದನಿ ಮರೆತು ಎಷ್ಟೋ ಕಾಲವಾಯಿತು. ಅವನ ಗಾಡಿಯ ಸದ್ದನ್ನು ನಾನು ಕೇಳಿದ್ದು ಆ ಒಂದು ಗಳಿಗೆ ಮಾತ್ರ, ಅದೂ ಅವ್ವನ ಮುಖವನ್ನು ನೋಡುತ್ತ ನಿಂತಿದ್ದಾಗ. ಹಾಗಾಗಿ ಅದು ಹೇಗಿತ್ತೆಂದು ನನಗೆ ನೆನಪಿಲ್ಲ. ಸಾವಿರ ಗಾಡಿಗಳ ನಡುವೆ ಅದನ್ನು ಗುರುತು ಹಿಡಿಯಬಲ್ಲ ಕಿವಿ ಈ ಲೋಕದಲ್ಲಿ ಒಂದೇ ಇತ್ತು.